ಟೀಸರ್‌ಗೂ ಒಂದು ಮುಹೂರ್ತ

ಒಂದು ಸಿನಿಮಾ ಬಿಡುಗಡೆಗೆ ಮುಂಚೆ ಎಷ್ಟು ಸಲ ಬಿಡುಗಡೆ ಆಗಬೇಕು ಅನ್ನುವುದಕ್ಕೆ ಗಾಂಧಿನಗರದಲ್ಲಿ ಈಗ ಒಂದು ಶಾಸ್ತ್ರವೇ ಬೆಳೆದಿದೆ. ಮೊದಲು ಟೈಟಲ್ ಪೋಸ್ಟರ್. ಆಮೇಲೆ ಹೀರೋನ ಬೆನ್ನು ಕಾಣುವ ಫಸ್ಟ್ ಲುಕ್. ಮುಖ ಬೇಕಿದ್ದರೆ ಸೆಕೆಂಡ್ ಲುಕ್‌ವರೆಗೂ ಕಾಯಿರಿ. ಹುಟ್ಟುಹಬ್ಬಕ್ಕೆ ಗ್ಲಿಂಪ್ಸ್: ಹೊಗೆ, ಬೂಟು, ಮತ್ತೆ ಹೊಗೆ. ನಂತರ ‘ಗುರುವಾರ ಬೆಳಗ್ಗೆ 11:07ಕ್ಕೆ ಬಿಗ್ ಅಪ್‌ಡೇಟ್’. ಕೆಲಸ ಬಿಟ್ಟು ಕಾದು ಕೂತವರಿಗೆ ಸಿಗುವ ಸುದ್ದಿ, ಟೀಸರ್ ಯಾವತ್ತು ಅನ್ನುವುದನ್ನು ಸೋಮವಾರ ತಿಳಿಸುತ್ತೇವೆ ಅಂತ. ಆ ಏಳು ನಿಮಿಷ ಜೋಯಿಸರು ಲೆಕ್ಕ ಹಾಕಿ ಕೊಟ್ಟಿದ್ದು. ಚಿತ್ರದ ಸೆಕೆಂಡ್ ಹಾಫನ್ನು ಇಷ್ಟು ಶ್ರದ್ಧೆಯಿಂದ ಯಾರೂ ನೋಡಿರುವುದಿಲ್ಲ.

ಅಭಿಮಾನಿಗಳದ್ದು ಬೇರೆಯೇ ಕಷ್ಟ. ಟೀಸರ್‌ಗೆ ಹಾಲಿನ ಅಭಿಷೇಕ ಮಾಡುವುದು ಹೇಗೆ? ಮೊಬೈಲ್ ಮೇಲೆ ಸುರಿದರೆ ವಾರಂಟಿ ಹೋಗುತ್ತದೆ. ಹಾಗಾಗಿ ಮಾಗಡಿ ರೋಡಿನ ಥಿಯೇಟರ್ ಮುಂದೆ ಕಟೌಟ್ ನಿಲ್ಲಿಸುತ್ತಾರೆ. ಒಳಗೆ ಇನ್ಯಾವುದೋ ಸಿನಿಮಾ ಓಡುತ್ತಿರುತ್ತದೆ, ಪಾಪ.

ಹಾಡುಗಳಿಗೂ ಇದೇ ಗತಿ. ಸಾಂಗ್ ಪ್ರೋಮೋ, ಲಿರಿಕಲ್ ವಿಡಿಯೋ, ಮೇಕಿಂಗ್ ವಿಡಿಯೋ ಎಲ್ಲ ಬರುತ್ತವೆ. ಥಿಯೇಟರಿಗೆ ಹೋದರೆ ಆ ಹಾಡೇ ಇಲ್ಲ. ಲೆಂತ್ ಜಾಸ್ತಿ ಆಯ್ತಂತೆ! 1987ರಲ್ಲಿ ‘ಪ್ರೇಮಲೋಕ’ಕ್ಕೆ ಹಂಸಲೇಖ ಬರೆದ ಹಾಡುಗಳೇ ಮಾತಾಡುತ್ತಿದ್ದವು, ಜಗಳ ಆಡುತ್ತಿದ್ದವು. ಈಗ ಹೀರೋ ಬಾಗಿಲಿನಿಂದ ಕುರ್ಚಿಯವರೆಗೆ ನಡೆಯಲು ನಲವತ್ತು ಜನರ ಕೋರಸ್ ಬೇಕು. ಯಾವ ಭಾಷೆಯಲ್ಲಿ ಹಾಡುತ್ತಾರೋ ಅವರೇ ಬಲ್ಲರು. ಕೂತಮೇಲೆ ಅವನು ಹೇಳಿದ್ದೇನು ಅಂತ ಅದೇ ಹಿನ್ನೆಲೆ ಸಂಗೀತದಲ್ಲಿ ಕೇಳಿಸುವುದಿಲ್ಲ.

ಈ ಕಾಯಿಲೆ ಕಾಮಿಕ್ಸ್‌ನವರಿಗೆ ಮೊದಲೇ ಬಂದು ಹೋಗಿದೆ. 1991ರಲ್ಲಿ ಮಾರ್ವೆಲ್ ಕಂಪನಿ ‘ಎಕ್ಸ್-ಮೆನ್’ ಹೊಸ ಸರಣಿಯ ಮೊದಲ ಸಂಚಿಕೆಯನ್ನು ಐದು ಬೇರೆ ಬೇರೆ ಮುಖಪುಟಗಳಲ್ಲಿ ತಂದಿತು. ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಒಂದು ದೊಡ್ಡ ಚಿತ್ರ. ಐದನೆಯದು? ಅದೇ ದೊಡ್ಡ ಚಿತ್ರ, ಮಡಚಿದ್ದು. ಒಳಗೆ ಕಥೆ ಒಂದೇ. ಅಂಗಡಿಗಳು 80 ಲಕ್ಷದಷ್ಟು ಪ್ರತಿಗಳನ್ನು ತರಿಸಿಕೊಂಡವು. ಎಷ್ಟೋ ಜನ ಓದದೆ, ಮುಂದೆ ಚಿನ್ನದ ಬೆಲೆ ಬರುತ್ತದೆ ಅಂತ ಬೀರುವಿನಲ್ಲಿಟ್ಟರು. ಎಲ್ಲರ ಬೀರುವಿನಲ್ಲೂ ಇರುವ ಮಾಲಿಗೆ ಯಾರು ಚಿನ್ನದ ಬೆಲೆ ಕೊಡುತ್ತಾರೆ? ಕೆಲವೇ ವರ್ಷದಲ್ಲಿ ಅಮೆರಿಕದ ಕಾಮಿಕ್ಸ್ ಅಂಗಡಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. 1996ರಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಕೊಟ್ಟಿತು. ನಮ್ಮ ನಿರ್ಮಾಪಕರಿಗೆ ಈ ಕಥೆ ಹೇಳಬಾರದು. ಐದು ಮುಖಪುಟದ ಭಾಗ ಮಾತ್ರ ಕೇಳಿಸಿಕೊಂಡು ಎದ್ದು ಹೋಗುತ್ತಾರೆ.

ಇಷ್ಟೆಲ್ಲ ಆಗಿ ಕೊನೆಗೂ ಸಿನಿಮಾ ಬಂತು ಅನ್ನಿ. ಎರಡೂಮುಕ್ಕಾಲು ಗಂಟೆ ಕೂತಮೇಲೆ ಗೊತ್ತಾಗುತ್ತದೆ, ಇದೂ ಟೀಸರೇ. ಭಾಗ 2ಕ್ಕೆ! ‘ಕೆಜಿಎಫ್’ 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು ಅಧ್ಯಾಯ ಬಂದು ಗೆದ್ದದ್ದೇ ತಡ, ಕಥೆ ಒಂದೇ ಅಧ್ಯಾಯಕ್ಕೆ ಸಾಲದವರೂ ಪೋಸ್ಟರ್ ಮೇಲೆ ‘ಚಾಪ್ಟರ್ 1’ ಅಂತ ಬರೆಸಿದರು. ಆ ಚಾಪ್ಟರ್ 2ಗಳೆಲ್ಲ ಬೆಂಗಳೂರಿನ ಈಜಿಪುರ ಫ್ಲೈಓವರ್ ಇದ್ದ ಹಾಗೆ. 2017ರಲ್ಲಿ ಕೆಲಸ ಶುರು, ವರ್ಷಗಟ್ಟಲೆ ಬರೀ ಕಂಬಗಳ ದರ್ಶನ.

ಪೋಸ್ಟರ್ ಐದು ಭಾಷೆಯಲ್ಲಿ, ಪ್ಯಾನ್ ಇಂಡಿಯಾ. ಬೆಂಗಳೂರಿನ ಮಾಲ್‌ನಲ್ಲಿ ಹುಡುಕಿದರೆ ಕನ್ನಡದ್ದು ರಾತ್ರಿ 10:50ಕ್ಕೆ ಒಂದೇ ಶೋ. ಈ ಟೈಮನ್ನು ಯಾವ ಜೋಯಿಸರೂ ನೋಡಿಲ್ಲ ಅನ್ನಿಸುತ್ತದೆ.

2006ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂದ ‘ಮುಂಗಾರು ಮಳೆ’ ಇದೇ ಊರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಜಾಸ್ತಿ ಓಡಿತ್ತು. ಈಗ ಅಷ್ಟು ದಿನ ಓಡುವುದು ಪ್ರಚಾರ ಮಾತ್ರ. ಸಿನಿಮಾ ಶುಕ್ರವಾರ ಬಂದು ಸೋಮವಾರ ಎತ್ತಂಗಡಿ. ಬುಧವಾರ ಸಕ್ಸಸ್ ಮೀಟ್. ಕೇಕ್ ಮೇಲೆ ‘ಯಶಸ್ವಿ 2ನೇ ವಾರದತ್ತ’ ಅಂತ ಬರೆದಿರುತ್ತದೆ. ಎರಡನೇ ವಾರ ಯಾವ ಥಿಯೇಟರ್‌ನಲ್ಲಿ ಸಾರ್ ಅಂತ ಕೇಳಿದ ವರದಿಗಾರನ ಬಾಯಿಗೆ ಮೊದಲ ತುಂಡು, ದೊಡ್ಡದೇ.