ಕೀ ಯಾರ ಹತ್ರ ಇದೆ?

ಮೊನ್ನೆ ಬೆಂಗಳೂರಿನಲ್ಲಿ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ವಿಷಯ, ಇವತ್ತಿನ ಜಪಾನಿನ ಕಟ್ಟಡಗಳು ಮತ್ತು ಖಾಲಿ ಜಾಗದ ಸೊಗಸು. ವೇದಿಕೆ ಮೇಲೆ ಮಾತ್ರ ಒಂದಿಂಚೂ ಖಾಲಿ ಇರಲಿಲ್ಲ. ಒಂಬತ್ತು ಕುರ್ಚಿ, ದೀಪದ ಕಂಬ, ಹೂಕುಂಡ, ಹಿಂದೆ ಪದಾಧಿಕಾರಿಗಳ ಮುಖ ತುಂಬಿದ ಫ್ಲೆಕ್ಸು. ಅದರ ಮೂಲೆಯಲ್ಲಿ ಫ್ಯೂಜಿ ಬೆಟ್ಟ. ಬೆಟ್ಟದ ತುದಿಯಲ್ಲಿ ಹಿಮ ಇರಬೇಕಾದ ಕಡೆ ಖಜಾಂಚಿಯವರ ತಲೆ ಕೂತಿತ್ತು.

ಆರಕ್ಕೆ ಅಂದಿದ್ದು ಆರೂ ಮುಕ್ಕಾಲಿಗೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಶಾಲು. ಫೋಟೋದವನು ‘ಸಾರ್, ಇನ್ನೊಂದ್ಸಲ’ ಅಂದಿದ್ದಕ್ಕೆ ಹೊದಿಸಿದ ಶಾಲು ತೆಗೆದು ಮತ್ತೆ ಹೊದಿಸಿದರು. ಉಪನ್ಯಾಸಕರ ಕೈಗೆ ಮೈಕು ಸಿಕ್ಕಾಗ ಏಳೂವರೆ. "ಜಪಾನಿನಲ್ಲಿ ‘ಮಾ’ ಅಂತ ಒಂದು ಮಾತಿದೆ. ಎರಡು ವಸ್ತುಗಳ ನಡುವಿನ ಜಾಗ, ಎರಡು ಮಾತುಗಳ ನಡುವಿನ ಮೌನ" ಅಂದರು. ಅದನ್ನು ತೋರಿಸಲೆಂದು ಒಂದು ಗಳಿಗೆ ಸುಮ್ಮನೆ ನಿಂತರು. ಮುಗೀತು ಅಂದುಕೊಂಡು ನಿರೂಪಕಿ ಹಣ್ಣಿನ ಬುಟ್ಟಿ ಹಿಡಿದು ಬಂದೇಬಿಟ್ಟರು.

ಬುಟ್ಟಿ ವಾಪಸು ಹೋದ ಮೇಲೆ ಪರದೆಗೆ ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಬಂದರು. ಮೊದಲು ಬಾಕ್ಸರ್ ಆಗಿದ್ದು, ಆಮೇಲೆ ತಾವಾಗಿಯೇ ಕಟ್ಟಡದ ಕೆಲಸ ಕಲಿತವರು. 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಇವರು ಕಟ್ಟಿದ ಕಾಂಕ್ರೀಟ್ ಮನೆಯ ಸೈಟು ಸುಮಾರು 57 ಚದರ ಮೀಟರ್. ನಮ್ಮ 20-30 ಸೈಟಿಗಿಂತ ಒಂದು ಚೂರು ಜಾಸ್ತಿ, ಅಷ್ಟೇ. ಅಷ್ಟು ಜಾಗದಲ್ಲಿ ನಾವಾದರೆ ಕೆಳಗೊಂದು ಅಂಗಡಿ, ಮೇಲೆ ಮೂರು ಬಾಡಿಗೆ ಮನೆ, ಅದರ ಮೇಲೆ ಶೀಟಿನ ರೂಮು ಎತ್ತುತ್ತೇವೆ. ಆಂಡೊ ನಡುವಿನ ಮೂರನೇ ಒಂದು ಭಾಗವನ್ನು ಆಕಾಶಕ್ಕೆ ಬಿಟ್ಟರು. ಮಳೆ ಬಂದರೆ ಮಲಗುವ ಕೋಣೆಯಿಂದ ಟಾಯ್ಲೆಟ್ಟಿಗೆ ಕೊಡೆ ಹಿಡಿದೇ ಹೋಗಬೇಕು. 1979ರಲ್ಲಿ ಇದಕ್ಕೆ ಪ್ರಶಸ್ತಿಯೂ ಬಂತು.

ಸಭೆ ಚಪ್ಪಾಳೆ ತಟ್ಟಿತು. ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ನೆನಪಾದಳು. ಜೀವನಪೂರ್ತಿ ಕಂಬಳಿಕೊಪ್ಪೆ ಹೊದ್ದು, ಲಾಟೀನು ಹಿಡಿದು ಹಿತ್ತಲು ದಾಟಿದವಳು. ಆ ಮನೆ ಕೆಡವಿ ‘ಅಟ್ಯಾಚ್ಡ್’ ಮಾಡಿಸಿದಾಗ ಊರೆಲ್ಲ ಬಂದು ಭೇಷ್ ಅಂದಿತ್ತು.

ಮುಂದೆ ಇನ್ನೊಬ್ಬ ವಾಸ್ತುಶಿಲ್ಪಿ ಶಿಗೆರು ಬಾನ್. 2020ರಲ್ಲಿ ಟೋಕಿಯೋದ ಎರಡು ಪಾರ್ಕುಗಳಲ್ಲಿ ಬಣ್ಣದ ಗಾಜಿನ ಶೌಚಾಲಯ ಕಟ್ಟಿದವರು. ಒಳಗೆ ಕ್ಲೀನಿದೆಯಾ, ಯಾರಾದರೂ ಇದ್ದಾರಾ ಅಂತ ಹೊರಗಿನಿಂದಲೇ ಕಾಣುತ್ತದೆ. ಚಿಲಕ ಹಾಕಿದರೆ ಗಾಜು ಮಸುಕಾಗುತ್ತದೆ. (ಚಳಿಗೆ ಗಾಜು ಮಸುಕಾಗೋದು ನಿಧಾನವಾಗಿ ಫಜೀತಿಯೂ ಆಗಿತ್ತು. ಉಪನ್ಯಾಸಕರು ಅದನ್ನು ಹೇಳಲಿಲ್ಲ.)

ಪ್ರಶ್ನೆ ಕೇಳಿ ಅಂದಾಗ ಹಿರಿಯರೊಬ್ಬರು ಎದ್ದು, "ಆ ಆಂಡೊ ಮನೆಯಲ್ಲಿ ನಮ್ಮ ವಾಸ್ತು ಹೇಳೋ ಹಾಗೆ ನಡುವಿನ ಬ್ರಹ್ಮಸ್ಥಾನ ಖಾಲಿ ಬಿಟ್ಟಿದ್ದಾರೆ. ಇದು ನಮ್ಮಿಂದಲೇ ಹೋಗಿದ್ದಲ್ವಾ ಸಾರ್?" ಅಂದರು. ಅವತ್ತಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಒಂದು ಗಂಟೆ ಟಾಯ್ಲೆಟ್ಟಿನ ಮಾತೇ ಕೇಳಿದರೆ ದೇಹ ಸುಮ್ನಿರುತ್ತಾ? ಎದ್ದು ಹೋದೆ. ಬೀಗ.

"ಕೀ ಕಾರ್ಯದರ್ಶಿಗಳ ಹತ್ರ ಇದೆ ಸಾರ್" ಅಂದ ವಾಚ್‌ಮನ್. "ಅವ್ರು ವಂದನಾರ್ಪಣೆ ಮಾಡ್ತಾ ಇದ್ದಾರೆ."

ಪೆಂಡಾಲಿನವರಿಂದ ಹಿಡಿದು ಪತ್ರಿಕೆಯವರ ತನಕ ಎಲ್ಲರಿಗೂ ವಂದನೆ ಸಂದ ಮೇಲೆ ಕೀ ಬಂತು. ಬಾಗಿಲು ತೆಗೆದರೆ ಒಳಗೆ ಮುರಿದ ಕುರ್ಚಿಗಳು, ಸುತ್ತಿಟ್ಟ ಹಳೇ ಫ್ಲೆಕ್ಸುಗಳು, ಹಂಚಿ ಉಳಿದ ಸ್ಮರಣಿಕೆಗಳು. ಕಾಲಿಡೋಕೂ ಜಾಗವಿಲ್ಲ.

"ಎದುರುಗಡೆ ಹೋಟ್ಲಿಗೆ ಹೋಗಿ ಸಾರ್. ಒಂದು ಕಾಫಿ ತಗೊಂಡ್ರೆ ಬಿಡ್ತಾರೆ."

ಹೊರಗೆ ಮಳೆ ಶುರುವಾಗಿತ್ತು. ಕೊಡೆ ಬಿಚ್ಚಿದೆ.