ಒಂದು ಸಲ ಫೋನ್ ಮಾಡಿ ಕೇಳಿ

2020ರ ಮಾರ್ಚ್ ಕೊನೆಯ ವಾರ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆ ಹತ್ತಿರದ ಒಳರಸ್ತೆಯಲ್ಲಿ ಆಳೆತ್ತರ ಕೆಂಪು ಮಣ್ಣು. ಕೊರೊನಾ ಎಂದು ಗಡಿ ಮುಚ್ಚಲು ಕರ್ನಾಟಕದ ಕಡೆಯವರು ರಾತ್ರಿ ಟಿಪ್ಪರಿನಲ್ಲಿ ತಂದು ಸುರಿದಿದ್ದರು. ಆಚೆ ದಕ್ಷಿಣ ಕನ್ನಡ, ಈಚೆ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು. ನೆರೆಮನೆಯ ಅಣ್ಣನಿಗೆ ಅಂದು ಮಂಗಳೂರಿನಲ್ಲಿ ಡಯಾಲಿಸಿಸ್ ಇತ್ತು. ಗುಡ್ಡೆಯ ಬುಡದಲ್ಲಿ ಜೀಪು ನಿಲ್ಲಿಸಿ, ಆಸ್ಪತ್ರೆಯ ಫೈಲು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದರು. "ಇನ್ನೆಂತ ಮಾಡುವುದು ಮಾರಾಯ" ಅಂದರು, ಅಷ್ಟೇ. ನಾನು ನಲವತ್ತು ಸೆಕೆಂಡಿನ ವಿಡಿಯೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮಧ್ಯಾಹ್ನ ಒಂದು ಮಲಯಾಳಂ ಪತ್ರಿಕೆಯ ಸ್ಥಳೀಯ ವರದಿಗಾರ ಫೋನ್ ಮಾಡಿದರು. ಯಾವ ರಸ್ತೆ, ಎಷ್ಟು ಗಂಟೆಗೆ ತೆಗೆದದ್ದು, ಆ ಮನೆಯವರು ಒಪ್ಪುತ್ತಾರಾ ಎಂದೆಲ್ಲ ಕೇಳಿದರು. ಸಂಜೆ ಬೈಕಿನಲ್ಲಿ ಬಂದು ಮಣ್ಣನ್ನು ಕಣ್ಣಾರೆ ನೋಡಿ ಹೋದರು. ಮರುದಿನ ಜಿಲ್ಲಾ ಪುಟದಲ್ಲಿ ಸಣ್ಣ ಸುದ್ದಿ, ಆದರೆ ತಪ್ಪಿಲ್ಲದ ಸುದ್ದಿ.

ಎರಡು ದಿನ ಕಳೆದು ಅದೇ ವಿಡಿಯೊ ಒಂದು ಕನ್ನಡ ಚಾನೆಲ್ಲಿನಲ್ಲಿ ಬಂತು. ಅಣ್ಣನ ಮಾತು ತೆಗೆದುಹಾಕಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ, ಕೇರಳದವರು ಕಳ್ಳದಾರಿಯಲ್ಲಿ ನುಗ್ಗುತ್ತಿದ್ದಾರೆ ಎಂದು. ನನ್ನನ್ನು ಯಾರೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದ ಮನುಷ್ಯ ಕನ್ನಡ ಚಾನೆಲ್ಲಿನಲ್ಲೇ ಕಳ್ಳನಾದರು. ಆ ದಿನಗಳಲ್ಲಿ ಮಂಗಳೂರು ತಲುಪಲಾಗದೆ ನಮ್ಮ ಕಡೆ ಪ್ರಾಣ ಬಿಟ್ಟವರಿದ್ದಾರೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಮಲಯಾಳಂ ಪತ್ರಿಕೆಗಳೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರು ಬಂದಾಗ, ಪಿಎಸ್‌ಸಿ (ಸರಕಾರಿ ಕೆಲಸದ ಪರೀಕ್ಷೆ) ಪ್ರಶ್ನೆಪತ್ರಿಕೆಯ ಕನ್ನಡ ಅರ್ಥವೇ ಆಗದಂತಿದ್ದಾಗ, ಅವರಿಗೆ ಅದು ಮೂಲೆಯ ಸುದ್ದಿ. ಬೆಂಗಳೂರಿನವರಿಗೆ ನವೆಂಬರ್ ಒಂದಕ್ಕೆ ಮಾತ್ರ ನಾವು ನೆನಪಾಗುತ್ತೇವೆ. ಹೀಗಿರುವಾಗ ಶಾಲೆ ಗೇಟಿನ ಮುಂದೆ ಪ್ರತಿಭಟನೆಗೆ ಕೂತ ತಾಯಂದಿರು ಫೋನ್ ಎತ್ತಿ ಹಿಡಿಯದೆ ಬೇರೆ ದಾರಿ ಏನಿದೆ? ಗಡಿಯವರಿಗೆ ಫೋನೇ ಪತ್ರಿಕೆ. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಫೋನ್ ಬರುವ ಮೊದಲೂ ನಮ್ಮಲ್ಲಿ ಈ ಕೆಲಸ ನಡೆದಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲ. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದುದನ್ನು ಮೊದಲು ಗಮನಿಸಿ ಬರೆದವರು ಅದೇ ಊರಿನ ಶ್ರೀಪಡ್ರೆಯವರು, 1980ರ ದಶಕದ ಆರಂಭದಲ್ಲೇ. ವಾಣೀನಗರದ ಡಾಕ್ಟರ್ ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ನೋಡಿ ವೈದ್ಯಕೀಯ ಪತ್ರಿಕೆಗೆ ಬರೆದರು. ಆದರೂ ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟೂ ವರ್ಷ ಇದನ್ನು ಹಿಡಿದು ಎಳೆದವರು ಊರಿನವರೇ ಅಲ್ವಾ?

ಅದೇ ಶ್ರೀಪಡ್ರೆಯವರು 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ'ಯಲ್ಲಿ 'ಕೃಷಿಕರ ಕೈಗೆ ಲೇಖನಿ' ಎಂದರು. ತೋಟದಲ್ಲಿ ದುಡಿಯುವವನೇ ಬರೆಯಲಿ ಎಂದು. ನನಗೆ ತುಂಬ ಇಷ್ಟವಾಗುವುದು ಅಲ್ಲಿನ ಒಂದು ಸಣ್ಣ ಕ್ರಮ. ಲೇಖನದ ಕೊನೆಗೆ ಕೃಷಿಕರ ಫೋನ್ ನಂಬರ್ ಇರುತ್ತದೆ, ಕೆಲವೊಮ್ಮೆ ಯಾವ ಹೊತ್ತಿಗೆ ಸಿಗುತ್ತಾರೆ ಎಂದೂ. ಸಂಶಯ ಇದ್ದರೆ ನೇರ ಕೇಳಬಹುದು. ಹೀಗೆ ಬರೆದವ ಒಂದು ಸಾಲನ್ನೂ ಸುಮ್ನೆ ಬರೆಯಲಾರ. ಸಂಜೆ ಏಳಕ್ಕೆ ಶಿರಸಿಯಿಂದಲೋ ತೀರ್ಥಹಳ್ಳಿಯಿಂದಲೋ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೆಸರಿಲ್ಲದ ಫಾರ್ವರ್ಡಿಗೆ ಈ ಭಯ ಇಲ್ಲ. ಕರ್ನಾಟಕದ ಇನ್ನೊಂದು ಗಡಿಯ ಬೀದರ್ ಜಿಲ್ಲೆಯಲ್ಲಿ ಏನಾಯಿತು ನೋಡಿ. 2018ರ ಜುಲೈ. ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುಳ್ಳು ಅವರ ಕಾರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಮುರ್ಕಿ ಎಂಬ ಹಳ್ಳಿ ಮುಟ್ಟಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಿ ಒಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಫಾರ್ವರ್ಡ್ ಮಾತ್ರ ಎಂದು ಮಿತಿ ಹಾಕಿತು.

ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯಲ್ಲೂ ದಡಾರ ರುಬೆಲ್ಲಾ ಲಸಿಕೆ ಬಗ್ಗೆ ಸುಳ್ಳು ಹಬ್ಬಿತ್ತು. ಅಲ್ಲಿನ ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠವನ್ನೇ ಶುರುಮಾಡಿತು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನನ್ನು, ಇದು ಎಲ್ಲಿಂದ ಬಂತು ಎಂದು ಕೇಳುವಂತಾಗಬೇಕು. ಇದು ಕೇರಳದಿಂದ ನಾವು ಧಾರಾಳ ಕಲಿಯಬಹುದಾದ ವಿಷಯ. ಬೀದರಿನಲ್ಲೂ, ಮಂಗಳೂರಿನಲ್ಲೂ, ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಕನ್ನಡದಲ್ಲೇ ಈ ಪಾಠ ಆಗಲಿ ಎಂದು ನನ್ನ ಆಸೆ.

ನನ್ನ ಮಣ್ಣಿನ ವಿಡಿಯೊ ಚಾನೆಲ್ಲಿನಲ್ಲಿ ಹಾಗೆ ಬಂದ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ವಿಡಿಯೊ ಶುರುವಾಗುವಾಗಲೇ ತಾರೀಕು, ಊರು, ರಸ್ತೆ, ನನ್ನ ಹೆಸರು ಬಾಯಿಬಿಟ್ಟು ಹೇಳುತ್ತೇನೆ. ಕೊನೆಗೆ ನಂಬರ್. ಮೊನ್ನೆ ಮಳೆಗೆ ತೋಡಿನ ಕಾಲುಸಂಕ ಕೊಚ್ಚಿಹೋದಾಗಲೂ ಹಾಗೇ ಮಾಡಿದೆ. ಮಂಗಳೂರಿನ, ಬೆಂಗಳೂರಿನ ಸುದ್ದಿಮನೆಯವರೇ, ನಮ್ಮ ವಿಡಿಯೊ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಹಾಕುವ ಮೊದಲು ಆ ನಂಬರಿಗೆ ಒಂದು ಸಲ ಫೋನ್ ಮಾಡಿ. ನಾವು ಕನ್ನಡದಲ್ಲೇ ಮಾತಾಡುತ್ತೇವೆ.