ಅಮ್ಮನ ಕೈ ನಡುಕ, ಗ್ಯಾಸ್ ಮಾತ್ರೆ

ನಮ್ಮಮ್ಮ ಹಾಲಿನ ಲೆಕ್ಕ ಬರೆಯೋದು ಅಡುಗೆಮನೆ ಕ್ಯಾಲೆಂಡರ್ ಮೇಲೇ. ಯುಗಾದಿ ಹೊತ್ತಿಗೆ ದಪ್ಪದಪ್ಪಗಿದ್ದ ಅಂಕಿಗಳು ದೀಪಾವಳಿ ಹೊತ್ತಿಗೆ ಇರುವೆ ಹರಿದಂಗೆ ಸಣ್ಣ ಆಗ್ಬಿಟ್ಟಿದ್ವು. ಎರಡೂ ಕೈ ನಡುಗ್ತಿತ್ತು, ಕುರ್ಚಿಯಿಂದ ಏಳೋಕೆ ಮೂರು ಸಲ ಒದ್ದಾಡೋಳು, ಮೊಮ್ಮಗು ಬಂದ್ರೂ ಮುಖದಲ್ಲಿ ನಗು ಇಲ್ಲ. ವಯಸ್ಸಾಯ್ತಲ್ಲ ಅಂದ್ರು ಎಲ್ರೂ, ನಾನೂ ಅದನ್ನೇ ನಂಬಿದೆ.

ನರರೋಗದ ಡಾಕ್ಟರ್ ಮೊದಲು ಕೇಳಿದ್ದೇ ಮಾತ್ರೆ ಚೀಲ. ಟೇಬಲ್ ಮೇಲೆ ಸುರಿದ್ವಿ. ಗ್ಯಾಸ್‌ಗೆ ಅಂತ ಏಳು ತಿಂಗಳಿಂದ ಬೆಳಗ್ಗೆ ಖಾಲಿ ಹೊಟ್ಟೇಲಿ ನುಂಗ್ತಿದ್ದ ಕ್ಯಾಪ್ಸೂಲ್ ಸ್ಟ್ರಿಪ್ ಎತ್ಕೊಂಡು ಹಿಂದೆ ತಿರುಗಿಸಿ ತೋರಿಸಿದ್ರು. ಹೊಟ್ಟೆ ಆಮ್ಲ ಕಡಿಮೆ ಮಾಡೋ ರಾಬೆಪ್ರಜೋಲ್, ಅದರ ಜೊತೆ ಲೆವೋಸಲ್ಪಿರೈಡ್. ಅಮ್ಮನ ನಡುಕಕ್ಕೆ ಈ ಎರಡನೇದೇ ಕಾರಣ ಅಂದ್ರು.

ಈ ಲೆವೋಸಲ್ಪಿರೈಡ್ ಮೆದುಳಲ್ಲಿ ಡೋಪಮೈನ್ (ಕೈಕಾಲು ಸಲೀಸಾಗಿ ಆಡೋಕೆ ಬೇಕಾದ ರಾಸಾಯನಿಕ) ಬಂದು ಕೂರೋ ಡಿ2 ರಿಸೆಪ್ಟರ್‌ಗಳನ್ನ ಹಿಡ್ಕೊಂಡು ಕೂತ್ಬಿಡುತ್ತೆ. ನಂಗೆ ಅರ್ಥ ಆಗಿದ್ದು ಹೀಗೆ: ರಿಸೆಪ್ಟರ್ ಅಂದ್ರೆ ಬಸ್ಸಿನ ಸೀಟು, ಡೋಪಮೈನ್ ಅಂದ್ರೆ ಪ್ಯಾಸೆಂಜರ್ರು. ನಡುಕ ತರೋ ನಿಜವಾದ ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಮಾಡೋ ಜೀವಕೋಶಗಳೇ ಸಾಯ್ತಾ ಹೋಗ್ತವೆ, ಸೀಟಿದೆ ಆದ್ರೆ ಹತ್ತೋರಿಲ್ಲ, ಅದಕ್ಕೇ ಮೆದುಳಲ್ಲಿ ಡೋಪಮೈನ್ ಆಗೋ ಲೆವೋಡೋಪಾ ಮಾತ್ರೆ ಕೊಟ್ಟು ಹತ್ತೋರನ್ನ ಹೆಚ್ಚಿಸ್ತಾರೆ. ಅಮ್ಮನ ವಿಷಯದಲ್ಲಿ ಜನ ಇದ್ರು, ಯಾರೋ ಕಿಟಕಿಯಿಂದ ಸೀಟಿಗೆಲ್ಲ ಟವೆಲ್ ಹಾಕ್ಬಿಟ್ಟಿದ್ರು. ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ, ಅದೇ ನಡುಕ, ಅದೇ ನಿಧಾನ.

ಔಷಧಿಯಿಂದ ಹೀಗಾಗುತ್ತೆ ಅನ್ನೋದು ಹೊಸ ಸುದ್ದಿ ಏನಲ್ಲ. 1957ರಲ್ಲೇ ಸ್ವೀಡನ್ನಿನ ವಿಜ್ಞಾನಿ ಅರ್ವಿದ್ ಕಾರ್ಲ್‌ಸನ್, ನಮ್ಮ ಸರ್ಪಗಂಧದಲ್ಲಿರೋ ರಿಸರ್ಪಿನ್ ಕೊಟ್ಟಾಗ ಅಲ್ಲಾಡದೆ ಬಿದ್ದ ಮೊಲಗಳನ್ನ ಲೆವೋಡೋಪಾದಿಂದ ಎಬ್ಬಿಸಿ ತೋರಿಸಿದ್ರು (ರಿಸರ್ಪಿನ್ ಸೀಟು ಹಿಡಿಯಲ್ಲ, ಡೋಪಮೈನ್ ದಾಸ್ತಾನನ್ನೇ ಖಾಲಿ ಮಾಡುತ್ತೆ). 2000ದಲ್ಲಿ ನೊಬೆಲ್ ಕೂಡ ಬಂತು. ಇಷ್ಟು ಹಳೇ ವಿಷಯ ಗೊತ್ತಿದ್ದೂ ಹೊಟ್ಟೆ ಉಬ್ಬರಕ್ಕೆ ಅಂತ ವಯಸ್ಸಾದವರಿಗೆ ತಿಂಗಳುಗಟ್ಟಲೆ ಲೆವೋಸಲ್ಪಿರೈಡ್ ಬರೆದುಕೊಡ್ತಾರಲ್ಲ, ಮೆಡಿಕಲ್ ಶಾಪಿನವರು ಹಳೇ ಚೀಟಿ ನೋಡಿ ಮತ್ತೆ ಮತ್ತೆ ಕೊಡ್ತಾರಲ್ಲ, ಅದು ನಂಗೆ ತಡ್ಕೊಳಕ್ಕಾಗ್ತಿಲ್ಲ.

ವಾಂತಿಗೆ ಕೊಡೋ ಮೆಟೋಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡೋ ಸಿನ್ನರಿಜಿನ್, ಫ್ಲುನರಿಜಿನ್ ಇವುಗಳಿಂದಲೂ ಹೀಗಾಗಬಹುದು. ಪಾರ್ಕಿನ್ಸನ್ ಇರೋರಿಗಂತೂ ಮೆಟೋಕ್ಲೋಪ್ರಮೈಡ್ ಕೊಡಲೇಬಾರದು, ಅಡ್ಮಿಟ್ ಆದಾಗ ನೀವೇ ಬಾಯಿಬಿಟ್ಟು ಹೇಳಿ. ಆದ್ರೆ ಇದನ್ನ ಓದಿ ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ, ಮಾನಸಿಕ ಕಾಯಿಲೆಯ ಮಾತ್ರೆ, ಪಾರ್ಕಿನ್ಸನ್ ಮಾತ್ರೆ ಥಟ್ಟಂತ ಬಿಟ್ರೆ ಅಪಾಯ. ಸ್ಟ್ರಿಪ್ ತಗೊಂಡು ಹೋಗಿ ಡಾಕ್ಟರನ್ನೇ ಕೇಳಿ.

ಮಾತ್ರೆ ನಿಲ್ಲಿಸಿದ ಮೇಲೂ ಕೆಲವರಿಗೆ ಪೂರ್ತಿ ಹೋಗಲ್ಲವಂತೆ, ಒಳಗೆ ಅಡಗಿದ್ದ ನಿಜವಾದ ಪಾರ್ಕಿನ್ಸನ್ ಆಗ ಹೊರಗೆ ಬಂದಿರುತ್ತೆ. ಡಾಕ್ಟರ್ ಆ ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಅಮ್ಮ ಸರಿಹೋಗೋಕೆ ನಾಲ್ಕು ತಿಂಗಳು ಹಿಡೀತು. ಮೊನ್ನೆ ಕ್ಯಾಲೆಂಡರ್ ನೋಡಿದೆ, ಒಂದೂವರೆ ಲೀಟರ್ ಅಂತ ದಪ್ಪಕ್ಷರದಲ್ಲಿ ಬರೆದಿದಾಳೆ.